ಎರಡನೇ ಆಲ್ಬಂನಲ್ಲಿ ಸೌಂಡ್ ಪೂರ್ತಿ ಬದಲಿಸಿದರೆ ಹಳೇ ಕೇಳುಗರು ಬಿಟ್ಟುಹೋಗ್ತಾರಾ?

ನಿಮ್ಮ ಪ್ರಶ್ನೆಯ ತುಂಬಾ ಕೇಳುಗರ ವಿಷಯವೇ ಇದೆ. ಗಿಟಾರ್ ರಾಕ್ ಬಿಟ್ಟು ಎಲೆಕ್ಟ್ರಾನಿಕ್ ಕಡೆ ಹೊರಟಿದ್ದೇವೆ, ಬ್ರಿಟನ್ನಿನ ರಾಕ್ ಬ್ಯಾಂಡ್ ರೇಡಿಯೋಹೆಡ್‌ನವರು 'ಕಿಡ್ ಎ' ಆಲ್ಬಂನಲ್ಲಿ ಮಾಡಿದ ಹಾಗೆ, ಹಳಬರು ಉಳೀತಾರಾ ಅಂತ. ಕೊನೆಗೆ ಒಂದೇ ಒಂದು ಸಾಲು ಬೇರೆ ಇದೆ: "ಆರು ಹಾಡು ನನ್ನ ಲ್ಯಾಪ್‌ಟಾಪ್‌ನಲ್ಲಿ ರೆಡಿ ಇವೆ, ಡ್ರಮ್ಮರ್‌ಗೆ ಇನ್ನೂ ಕೇಳಿಸಿಲ್ಲ." ನಾನು ಉತ್ತರ ಬರೀತಿರೋದು ಆ ಸಾಲಿಗೆ.

ನಮ್ಮದು ಬೆಂಗಳೂರಿನ ನಾಲ್ಕು ಜನರ ಬ್ಯಾಂಡ್. ಕನ್ನಡದಲ್ಲೇ ಹಾಡ್ತಿದ್ದೆವು. ಗಿಟಾರ್ ನನ್ನದು, ಹಾಡು ಬರೆಯೋದೂ ನಾನೇ. ಜಯನಗರದಲ್ಲಿ ಬೇಸಿಸ್ಟ್ ಮನೆ ಮೇಲೆ ಒಂದು ರೂಂ ಇತ್ತು. ಗೋಡೆಗೆ ಹಳೇ ಹಾಸಿಗೆ ಒರಗಿಸಿ, ಪಕ್ಕದ ಮನೆಯವರು ಬಂದು ಗೇಟ್ ಬಡಿಯೋವರೆಗೂ ನುಡಿಸ್ತಿದ್ದೆವು. ಮೊದಲ ಆಲ್ಬಂ ಪೂರ್ತಿ ಡಿಸ್ಟಾರ್ಷನ್, ಅಂದ್ರೆ ಗಿಟಾರ್‌ನ ಒಡೆದ ಗರಗರ ಸದ್ದು. ಕಾಲೇಜ್ ಫೆಸ್ಟ್‌ಗಳಲ್ಲಿ ಜನ ಚೆನ್ನಾಗಿ ಕುಣಿಯೋರು.

ಡ್ರಮ್ಮರ್ ಮಂಡ್ಯ ಕಡೆಯವನು. ಊರ ಹಬ್ಬದಲ್ಲಿ ತಮಟೆ ಕೇಳಿ ಬೆಳೆದವನು. ಸ್ನೇರ್ (ಕಿಟ್‌ನಲ್ಲಿ ಚಟ್ ಅನ್ನೋ ಡ್ರಮ್) ಮೇಲೆ ಅವನ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳ್ತಿತ್ತು. ಜನ ಖುಷಿಯಲ್ಲಿ ಕೂಗಿದರೆ ಕಣ್ಣಲ್ಲೇ ನಮಗೆ ಸನ್ನೆ ಮಾಡಿ ನಾಲ್ಕು ಬಾರ್, ಅಂದ್ರೆ ತಾಳದ ನಾಲ್ಕು ಸುತ್ತು, ಜಾಸ್ತಿ ಎಳೀತಿದ್ದ. ಜನ ಕುಣೀತಿದ್ದದ್ದು ನನ್ನ ಗಿಟಾರ್‌ಗೆ ಅಂತ ನಾನು ತಿಳಿದಿದ್ದೆ.

2012ರ ಹೊತ್ತಿಗೆ ಡಿಸ್ಟಾರ್ಷನ್ ಸದ್ದು ಕೇಳಿದ್ರೆ ನನಗೆ ಬೇಜಾರು. 'ಕಿಡ್ ಎ' ತಲೆಗೆ ಹತ್ತಿಬಿಟ್ಟಿತ್ತು. ಮೊದಲ ಹಾಡಿನಲ್ಲಿ ಗಿಟಾರೂ ಇಲ್ಲ, ಡ್ರಮ್ ಕಿಟ್ಟೂ ಇಲ್ಲ, ಆದರೂ ಎದೆ ಹಿಡಿದುಕೊಳ್ಳುತ್ತೆ ಅಲ್ವಾ? ಕಂಪ್ಯೂಟರ್‌ಗೆ ಜೋಡಿಸಿ ನುಡಿಸೋ ಒಂದು ಮಿಡಿ ಕೀಬೋರ್ಡ್ ತಂದೆ. ಏಳು ತಿಂಗಳು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಒಬ್ಬನೇ ಕೂತು ಒಂಬತ್ತು ಹಾಡು ಮಾಡಿದೆ. ಬೇಸ್, ಸಿಂಥ್ (ಎಲೆಕ್ಟ್ರಾನಿಕ್ ಸದ್ದು ಹುಟ್ಟಿಸೋ ವಾದ್ಯ), ಡ್ರಮ್, ಎಲ್ಲಾ ನಾನೇ ಹಾಕಿದೆ. ಆಮೇಲೆ ಒಂದು ಭಾನುವಾರ ಮೂವರನ್ನೂ ಕೂರಿಸಿ ಪೆನ್‌ಡ್ರೈವ್ ಕೊಟ್ಟೆ.

ತಪ್ಪು ಎಲ್ಲಿ ಆಯ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎರಡು ವರ್ಷ ನಾನೇ ಬೇರೆ ಏನನ್ನೋ ತಪ್ಪು ಅಂದುಕೊಂಡಿದ್ದೆ. ಕಂಪ್ಯೂಟರ್‌ನಲ್ಲಿ ಡ್ರಮ್ ಪ್ರೋಗ್ರಾಂ ಮಾಡಿದ್ದು ತಪ್ಪಲ್ಲ, ಎಲ್ಲರೂ ಮಾಡ್ತಾರೆ. ಸಿಂಥ್ ತಂದದ್ದೂ ತಪ್ಪಲ್ಲ. ಮನೇಲಿ ಒಬ್ಬನೇ ಕೂತು ಹಾಡು ಶುರು ಮಾಡೋದೂ ತಪ್ಪಲ್ಲ. ನಾನು ಹಾಡನ್ನು ಮುಗಿಸಿ ತಂದೆ. ಯಾರಿಗೂ ಕೈ ಹಾಕೋಕೆ ಒಂದು ಬಾರ್ ಖಾಲಿ ಬಿಟ್ಟಿರಲಿಲ್ಲ. "ಇದೇ ಥರ ನುಡಿಸು" ಅಂದೆ. ಸಂಗೀತ ಕಚೇರಿಯಲ್ಲಿ ಮೃದಂಗದವರಿಗೆ ಇಂಥ ಕಡೆ ಇಂಥದ್ದೇ ನುಡಿಸಿ ಅಂತ ಬರೆದು ಕೊಟ್ಟರೆ ಹೇಗಿರುತ್ತೆ? ಡ್ರಮ್ಮರ್ ಏನೂ ಅನ್ನಲಿಲ್ಲ. ಒಂದು ತಿಂಗಳು ಕೂತು ಕಲಿತು, ಸ್ಟುಡಿಯೋದಲ್ಲಿ ಎರಡು ದಿನದಲ್ಲಿ ಒಂಬತ್ತೂ ಹಾಡು ನುಡಿಸಿದ.

ರೆಕಾರ್ಡ್ ಆದದ್ದನ್ನೆಲ್ಲ ಸೇರಿಸಿ ಹದ ಮಾಡೋ ಮಿಕ್ಸಿಂಗ್‌ಗೆ ಹೋದದ್ದು ನಾನೊಬ್ಬನೇ. ಅಲ್ಲಿ ಅವನ ಸ್ನೇರ್ ತಡವಾಗಿ ಬೀಳೋದು ನನಗೆ ಕಿರಿಕಿರಿ ಆಯ್ತು, ಡೆಮೊದಲ್ಲಿ ಹಾಗಿರಲಿಲ್ಲ. ಒಂದೊಂದೇ ಪೆಟ್ಟನ್ನು ಎಳೆದು ಗ್ರಿಡ್‌ಗೆ, ಅಂದ್ರೆ ಕಂಪ್ಯೂಟರ್‌ನ ತಾಳದ ಗೆರೆಗೆ ಸರಿಯಾಗಿ, ಕೂರಿಸಿದೆ. ಅಷ್ಟೂ ಸಾಲದೆ ಆರು ಹಾಡುಗಳಲ್ಲಿ ಅವನ ಟ್ರ್ಯಾಕ್ ಮ್ಯೂಟ್ ಮಾಡಿ ನನ್ನ ಪ್ರೋಗ್ರಾಮನ್ನೇ ಇಟ್ಟೆ. ಅವನಿಗೆ ಹೇಳಲಿಲ್ಲ. ಗೊತ್ತಾಗಲ್ಲ ಅಂದುಕೊಂಡೆ.

ಫೈನಲ್ ಮಿಕ್ಸ್ ಕೇಳೋಕೆ ನಾಲ್ವರೂ ಹೋಗಿದ್ದೆವು. ಅವನು ಸೋಫಾ ಅಂಚಿನಲ್ಲಿ ಕೂತು, ಹಾಡಿನ ಜೊತೆ ಬಲಗೈಯಲ್ಲಿ ತೊಡೆ ಮೇಲೆ ತಾಳ ಹಾಕ್ತಿದ್ದ. ಎರಡನೇ ಹಾಡಿನ ಚರಣ ಮುಗಿಯೋ ಕಡೆ ಅವನೊಂದು ಫಿಲ್, ಅಂದ್ರೆ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸೋ ಚಿಕ್ಕ ಡ್ರಮ್ ತುಣುಕು, ನುಡಿಸಿದ್ದ. ಸ್ನೇರ್ ಮೇಲೆ ಶುರುವಾಗಿ ಫ್ಲೋರ್ ಟಾಮ್‌ಗೆ (ನೆಲದ ಮೇಲೆ ನಿಲ್ಲೋ ದಪ್ಪ ದನಿಯ ಡ್ರಮ್) ಇಳಿಯೋದು. ಆ ಜಾಗ ಬಂತು. ಕೈ ಆ ಫಿಲ್ ನುಡಿಸಿತು, ಸ್ಪೀಕರ್‌ನಲ್ಲಿ ಅದು ಬರಲಿಲ್ಲ. ಕೈ ತೊಡೆ ಮೇಲೆ ಹಾಗೇ ನಿಂತುಹೋಯ್ತು. ಹಾಡು ಮುಗಿಯೋವರೆಗೂ ಸುಮ್ನಿದ್ದು, ಆಮೇಲೆ ಮೆಲ್ಲಗೆ ಕೇಳಿದ: "ಇದು ನಾನಲ್ಲ ಅಲ್ವಾ ಮಗಾ?"

ಆ ಆಲ್ಬಂ 2013ರಲ್ಲಿ ಬಂತು. ಮೂರು ವಾರಕ್ಕೆ ಅವನು ಬ್ಯಾಂಡ್ ಬಿಟ್ಟ. ಜಗಳವೇ ಆಗಲಿಲ್ಲ, ಅದೇ ನನಗೆ ಜಾಸ್ತಿ ನೋವಾಗಿದ್ದು. ದುಡ್ಡು ಕೊಟ್ಟು ಇನ್ನೊಬ್ಬರನ್ನು ಕರೆದೆವು. ಕಿವಿಯಲ್ಲಿ ತಾಳ ಎಣಿಸೋ ಕ್ಲಿಕ್ ಸದ್ದು ಹಾಕ್ಕೊಂಡು ಅವರು ತಪ್ಪಿಲ್ಲದೆ ನುಡಿಸಿದರು. ಆದರೆ ಜನ ಕೂಗಿದಾಗ ಎಳೆಯೋಕೆ ನಾಲ್ಕು ಬಾರ್ ಇರಲಿಲ್ಲ. ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಓಡ್ತಾ ಇತ್ತು, ನಾವು ಅದರ ಹಿಂದೆ ಓಡ್ತಿದ್ದೆವು. ನಾಲ್ಕು ಶೋ ಆಯ್ತು. ಐದನೆಯದಕ್ಕೆ ಬೇಸಿಸ್ಟ್ ಬರಲ್ಲ ಅಂದ.

ಕೇಳುಗರಾ? ಮೊದಲೆರಡು ಶೋಗಳಲ್ಲಿ ಹಳೇ ಹಾಡು ಬೇಕು ಅಂತ ಕೂಗಿದ್ದು ನಿಜ. ಮೂರನೇ ಶೋಗೆ ಮುಂದಿನ ಸಾಲಿನವರು ಹೊಸ ಹಾಡಿಗೆ ದನಿಗೂಡಿಸ್ತಿದ್ದರು. ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕೇಳುಗರು ನಿಮಗಿಂತ ಬೇಗ ಹೊಂದಿಕೊಳ್ತಾರೆ. ರೇಡಿಯೋಹೆಡ್‌ನವರಿಗೂ ಹಾಗೇ ಆಯ್ತು. 2000ದ ಬೇಸಿಗೆಯಲ್ಲಿ, ಆಲ್ಬಂ ಬರೋಕೆ ಮುಂಚೆಯೇ, ಅವರು ಹೊಸ ಹಾಡುಗಳನ್ನು ಸ್ಟೇಜ್ ಮೇಲೆ ನುಡಿಸಿದರು. ಬಾರ್ಸಿಲೋನಾದಲ್ಲಿ ನುಡಿಸಿದ್ದು ಮರುದಿನವೇ ಇಂಟರ್ನೆಟ್‌ನಲ್ಲಿ ಹಾಡು ಹಂಚಿಕೊಳ್ಳೋ ನ್ಯಾಪ್‌ಸ್ಟರ್‌ನಲ್ಲಿತ್ತು. ಮೂರು ವಾರ ಬಿಟ್ಟು ಇಸ್ರೇಲ್‌ಗೆ ಹೋದರೆ ಅಲ್ಲಿನ ಜನಕ್ಕೆ ಸಾಹಿತ್ಯವೇ ಬಾಯಿಗೆ ಬರ್ತಿತ್ತು. ಅಕ್ಟೋಬರ್‌ನಲ್ಲಿ ಆಲ್ಬಂ ಬಂತು. ಒಂದೇ ಒಂದು ಸಿಂಗಲ್ ಬಿಡಲಿಲ್ಲ. ಆದರೂ ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ ಒನ್.

ನಾನು 'ಕಿಡ್ ಎ'ಯನ್ನು ನೂರಾರು ಸಲ ಕೇಳಿದ್ದೆ, ಅದು ಹುಟ್ಟಿದ ಕಥೆ ಓದಿರಲಿಲ್ಲ. ಬ್ಯಾಂಡ್ ಮುರಿದ ಮೇಲೆ ಓದಿದೆ. ಅವರೊಳಗೂ ಇದೇ ಸಂಕಟ ಇತ್ತು. 1997ರ 'ಓಕೆ ಕಂಪ್ಯೂಟರ್' ಆಲ್ಬಂ ಆದಮೇಲೆ ಗಾಯಕ ಥಾಮ್ ಯಾರ್ಕ್‌ಗೆ ಗಿಟಾರ್ ಬೇಡವಾಗಿತ್ತು. ಗಿಟಾರಿಸ್ಟ್ ಎಡ್ ಓ'ಬ್ರಿಯನ್‌ಗೆ ಚಿಕ್ಕ ಚಿಕ್ಕ ಗಿಟಾರ್ ಹಾಡುಗಳೇ ಬೇಕಿತ್ತು. 1999ರಲ್ಲಿ ಪ್ಯಾರಿಸ್, ಕೋಪನ್‌ಹೇಗನ್ ಅಂತ ಸ್ಟುಡಿಯೋ ಸುತ್ತಿದರೂ ಕೆಲಸ ಕೈ ಹತ್ತಲಿಲ್ಲ. ಎಲ್ಲರೂ ಒಪ್ಪೋ ಆಲ್ಬಂ ಆಗದಿದ್ದರೆ ಬ್ಯಾಂಡೇ ಬೇಡ ಅನ್ನೋವರೆಗೂ ಮಾತು ಹೋಗಿತ್ತು. ಆಗ ನಿರ್ಮಾಪಕ ನೈಜೆಲ್ ಗಾಡ್ರಿಚ್ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಗಿಟಾರ್, ಡ್ರಮ್ ಮುಟ್ಟದೆ ಏನಾದರೂ ಸದ್ದು ಹುಟ್ಟಿಸಬೇಕು, ಇನ್ನೊಂದು ಗುಂಪು ಅದನ್ನು ಬೆಳೆಸಬೇಕು. ಅದರಿಂದ ಪೂರ್ತಿ ಹಾಡು ಹುಟ್ಟಲಿಲ್ಲವಂತೆ. ಆದರೆ ಗಿಟಾರ್ ಬಿಡಲ್ಲ ಅಂತಿದ್ದ ಎಡ್‌ಗೆ ಹೊಸ ದಾರಿಯಲ್ಲಿ ನಂಬಿಕೆ ಬಂದದ್ದು ಅಲ್ಲೇ. ಆ ಆಲ್ಬಂನಲ್ಲಿ 'ಟ್ರೀಫಿಂಗರ್ಸ್' ಅಂತ ಮಾತೇ ಇಲ್ಲದ ಒಂದು ತುಣುಕಿದೆ. ಸಿಂಥ್ ಅನ್ನಿಸುತ್ತೆ. ಅದು ಎಡ್ ನುಡಿಸಿದ ಗಿಟಾರ್ ಲೂಪ್‌ಗಳಿಂದ ಥಾಮ್ ಕಟ್ಟಿದ್ದು. ಇನ್ನು 'ಇಡಿಯಾಟೆಕ್' ಅನ್ನೋ ಹಾಡು ಶುರುವಾದದ್ದು ಮೆಷಿನ್ ತಾಳದಿಂದ, ಆದರೆ ಸ್ಟೇಜ್ ಮೇಲೆ ಅದಕ್ಕೆ ಅವರ ಡ್ರಮ್ಮರ್ ಫಿಲ್ ಸೆಲ್ವೇ ಡ್ರಮ್ ನುಡಿಸ್ತಾರೆ. ಸೌಂಡ್ ಬದಲಾಯ್ತು, ಎಲ್ಲಾ ಹಾಡಲ್ಲೂ ಎಲ್ಲರೂ ನುಡಿಸದಿದ್ದರೂ ಪೂರ್ತಿ ಆಲ್ಬಂನಲ್ಲಿ ಯಾರ ಕೈಯೂ ಖಾಲಿ ಉಳಿಯಲಿಲ್ಲ. ನಾನು ಅವರ ಸದ್ದನ್ನು ಮಾತ್ರ ಎತ್ತಿಕೊಂಡಿದ್ದೆ.

ನಿಮ್ಮ ಆರು ಹಾಡು ಚೆನ್ನಾಗೇ ಇರಬಹುದು. ಹಳೇ ಹೊಸದು ಅರ್ಧರ್ಧ ಹಾಕಿ ಬ್ಯಾಲೆನ್ಸ್ ಮಾಡಿ ಅಂತ ಹೇಳೋರು ಇಲ್ಲಿ ಬರ್ತಾರೆ, ಅವರ ಮಾತು ಕೇಳಬೇಡಿ. ಬದಲಾಯಿಸೋದಾದರೆ ಪೂರ್ತಿ ಬದಲಾಯಿಸಿ. ಆದರೆ ಸ್ಟುಡಿಯೋ ಬುಕ್ ಮಾಡಿದ್ದರೆ ಮುಂದೂಡಿ, ಅಡ್ವಾನ್ಸ್ ಹೋದರೂ ಹೋಗಲಿ. ಆರರಲ್ಲಿ ಎರಡನ್ನಾದರೂ ಬಿಚ್ಚಿ ಮೊದಲಿನಿಂದ ರೂಮಿನಲ್ಲಿ ಕಟ್ಟಿ. ರೆಕಾರ್ಡ್ ಮಾಡೋಕೆ ಮುಂಚೆ ಜನರ ಮುಂದೆ ಒಮ್ಮೆಯಾದರೂ ನುಡಿಸಿ. ಡ್ರಮ್ ಪ್ಯಾಡ್ ಒಂದನ್ನು ತಂದು ಅವರ ಕಿಟ್ ಪಕ್ಕ ಇಡಿ. ಮೆಷಿನ್ ಸದ್ದೇ ಬೇಕಿದ್ದರೆ ಅದನ್ನೂ ಅವರೇ ಬಾರಿಸಲಿ. ಮಿಕ್ಸಿಂಗ್‌ಗೆ ಕರೆದುಕೊಂಡು ಹೋಗಿ.

ಇವತ್ತು ರಾತ್ರಿ ಅವರಿಗೆ ಫೋನ್ ಮಾಡಿ. ಆರೂ ಫೈಲ್ ಕಳಿಸಿ, ಕಳಿಸೋ ಮುಂಚೆ ನೀವು ಹಾಕಿರೋ ಡ್ರಮ್ ಟ್ರ್ಯಾಕ್‌ಗಳನ್ನೆಲ್ಲ ಮ್ಯೂಟ್ ಮಾಡಿ. ಮೊದಲ ಸಲ ಕೇಳುವಾಗ ಅವರ ಜಾಗ ಖಾಲಿ ಇರಲಿ.