ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್‌ಮೇರ್ ಬಡಾವಣೆ ಕೆಟ್ಟಿದ್ದು ಎತ್ತರದ ಕಟ್ಟಡಗಳಿಂದಲೇ?

ಎತ್ತರದ ಮೇಲೆ ತಪ್ಪು ಹೊರಿಸುವುದು ಸುಲಭ. ನನ್ನ ಪ್ರಕಾರ ಕೇಡು ಶುರುವಾದದ್ದು ನೆಲಮಟ್ಟದಲ್ಲಿ.

ನಗರದ ಆಗ್ನೇಯಕ್ಕೆ, ನೀರು ಬಸಿದು ಒಣಗಿಸಿದ ತಗ್ಗು ಬಯಲಿನಲ್ಲಿ 1966ರ ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. 1968ರ ಕೊನೆಗೆ ಮೊದಲ ಬಾಡಿಗೆದಾರರು ಬಂದರು. ಹತ್ತು ಅಂತಸ್ತಿನ 31 ಕಟ್ಟಡಗಳು, ಸುಮಾರು 13,000 ಫ್ಲಾಟುಗಳು. ಒಂದೊಂದು ಕಟ್ಟಡವೂ ನೂರಾರು ಮೀಟರ್ ಉದ್ದ. ಮೇಲಿನಿಂದ ನೋಡಿದರೆ ಜೇನುಹಟ್ಟಿನ ಆರುಮೂಲೆಯ ಕಣ್ಣುಗಳಂತೆ ಮಡಚಿಕೊಂಡು ನಿಂತಿದ್ದವು. ನಡುವೆಲ್ಲ ಹುಲ್ಲು, ಮರ, ಕೆರೆ. ಕಾರುಗಳಿಗೆ ಏರಿಯ ಮೇಲೆ ರಸ್ತೆ, ಕಾಲ್ನಡಿಗೆ ಮತ್ತು ಸೈಕಲ್ಲಿಗೆ ಕೆಳಗಿನ ಹಸಿರು. ಕಾಗದದ ಮೇಲೆ ಚೆಂದವೇ. ಫ್ಲಾಟುಗಳೂ ಚಿಕ್ಕವಲ್ಲ, ಒಳಗೆ ಗಾಳಿ ಬೆಳಕು ಧಾರಾಳ.

ತೊಂದರೆ ಇದ್ದದ್ದು ಬಾಗಿಲಿನಿಂದ ಹೊರಗೆ. ಖರ್ಚು ಉಳಿಸಲು ಲಿಫ್ಟುಗಳ ಸಂಖ್ಯೆ ಕಡಿಮೆ ಮಾಡಿದರು. ಲಿಫ್ಟ್ ಕಡಿಮೆಯಾದಷ್ಟೂ ಮನೆಬಾಗಿಲ ಮುಂದಿನ ತೆರೆದ ಮೊಗಸಾಲೆ ಉದ್ದವಾಗಬೇಕು. ಮೊಗಸಾಲೆ ಉದ್ದವಾದಷ್ಟೂ ಅಲ್ಲಿ ಓಡಾಡುವವರಲ್ಲಿ ನೆರೆಯವರು ಯಾರು, ಪರಕೀಯರು ಯಾರು ತಿಳಿಯುವುದಿಲ್ಲ. ನೆಲ ಅಂತಸ್ತಿನಲ್ಲಿ ಮನೆಗಳೇ ಇರಲಿಲ್ಲ, ಸಾಲು ಸಾಲು ಸಾಮಾನು ಕೋಣೆಗಳು. ಹಾಗಾಗಿ ಉದ್ಯಾನವನ್ನು ನೋಡುವ ಒಂದು ಕಿಟಕಿಯೂ ಕೆಳಗಿಲ್ಲ. ಕಾರು ನಿಲ್ಲಿಸುವ ದೊಡ್ಡ ಗ್ಯಾರೇಜುಗಳು ಬೇರೆ ಕಡೆ, ಅಲ್ಲಿಂದ ಮನೆ ತಲುಪಲು ಮುಚ್ಚಿದ ದಾರಿಗಳು. ಜನ ಇಲ್ಲಿ ಸೇರುತ್ತಾರೆ, ಮಾತಾಡುತ್ತಾರೆ ಎಂಬುದು ನಕ್ಷೆಯವರ ನಂಬಿಕೆ. ಕತ್ತಲಾದ ಮೇಲೆ ಅಲ್ಲಿ ಸೇರಿದವರೇ ಬೇರೆ!

ಮೆಟ್ರೋ ಬಂದದ್ದು 1977ರಲ್ಲಿ, ಅಂದರೆ ಮೊದಲ ಸಂಸಾರ ಬಂದು ಒಂಬತ್ತು ವರ್ಷದ ಮೇಲೆ. ಅಂಗಡಿಗಳೂ ತಡವಾಗಿಯೇ ಬಂದವು. ಬಾಡಿಗೆ ಮಾತ್ರ ಮೊದಲಿನಿಂದಲೂ ಜಾಸ್ತಿ. ಅದೇ ಹೊತ್ತಿಗೆ ಹತ್ತಿರದ ಊರುಗಳಾದ ಪುರ್ಮೆರೆಂಡ್, ಆಲ್ಮೇರ್ ಕಡೆ ಹಿತ್ತಲಿರುವ ಸಾಲುಮನೆಗಳು ಸಿಗತೊಡಗಿದವು. ಯಾರಿಗಾಗಿ ಕಟ್ಟಿದ್ದರೋ ಆ ಮಧ್ಯಮವರ್ಗದವರು ಅತ್ತ ಹೋದರು. 1975ರಲ್ಲಿ ದಕ್ಷಿಣ ಅಮೆರಿಕದ ಡಚ್ ವಸಾಹತು ಸುರಿನಾಮ್ ಸ್ವತಂತ್ರವಾಗುವ ಆಸುಪಾಸಿನಲ್ಲಿ ಅಲ್ಲಿಂದ ಬಂದ ಸಾವಿರಾರು ಜನರಿಗೆ ಬೇರೆಡೆ ಮನೆ ಸಿಗುವುದು ಕಷ್ಟವಿತ್ತು, ಇಲ್ಲಿ ಖಾಲಿ ಬಿದ್ದಿದ್ದವು. ಅವರು ಬಂದದ್ದರಿಂದ ಬಡಾವಣೆ ಕೆಟ್ಟಿತು ಎನ್ನುವವರು ಹಿಂದುಮುಂದು ಮಾಡಿ ಹೇಳುತ್ತಾರೆ. ಮನೆಗಳು ಖಾಲಿ ಉಳಿದದ್ದು ಮೊದಲು. ಸಾಲದ್ದಕ್ಕೆ ಕಟ್ಟಡಗಳು ಹತ್ತಾರು ವಸತಿ ಸಂಸ್ಥೆಗಳ ಕೈಯಲ್ಲಿ ಹಂಚಿಹೋಗಿದ್ದವು. ಲಿಫ್ಟ್ ಕೆಟ್ಟರೂ ದೀಪ ಹೋದರೂ ಇಡೀ ಬಡಾವಣೆಗೆ ಹೊಣೆ ಹೊರುವವರಿರಲಿಲ್ಲ. 1980ರ ದಶಕದ ನಡುವೆ ಅವನ್ನೆಲ್ಲ ಒಂದೇ ಸಂಸ್ಥೆಗೆ ಒಪ್ಪಿಸಿದರು. ಆ ಹೊತ್ತಿಗೆ ಸುಮಾರು ನಾಲ್ಕರಲ್ಲೊಂದು ಫ್ಲಾಟ್ ಖಾಲಿ.

1992ರ ಅಕ್ಟೋಬರ್ 4ರಂದು ಸರಕು ಸಾಗಿಸುತ್ತಿದ್ದ ಬೋಯಿಂಗ್ 747 ವಿಮಾನವೊಂದು ಎರಡು ಕಟ್ಟಡಗಳು ಕೂಡುವ ಮೂಲೆಗೆ ಬಿದ್ದು 43 ಮಂದಿ ಸತ್ತರು. ಅದಕ್ಕೇ ಬಡಾವಣೆ ಕೆಡವಿದರು ಎಂಬ ಮಾತು ಚಾಲ್ತಿಯಲ್ಲಿದೆ, ಆದರೆ ಕೆಡವುವ ಚರ್ಚೆ ಅದಕ್ಕೂ ಹಳೆಯದು. ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಫ್ಲಾಟುಗಳು ಹೋಗಿ, ಆ ಜಾಗದಲ್ಲಿ ತಗ್ಗು ಮನೆಗಳು ಬಂದವು. ಏರಿಯ ಮೇಲಿದ್ದ ಎಷ್ಟೋ ರಸ್ತೆಗಳನ್ನು ನೆಲಕ್ಕಿಳಿಸಿದರು.

ಎತ್ತರವೇ ತಪ್ಪು ಎನ್ನುವವರು ಇದೇ ಬಡಾವಣೆಯ ಕ್ಲೈಬರ್ಗ್ ಕಟ್ಟಡ ನೋಡಬೇಕು. 500 ಫ್ಲಾಟುಗಳ, ಸುಮಾರು 400 ಮೀಟರ್ ಉದ್ದದ ಈ ಕಟ್ಟಡವನ್ನೂ ಕೆಡವುವುದೆಂದಾಗಿತ್ತು. ಕೊನೆಗೆ ಒಂದು ಯೂರೋಗೆ ಮಾರಿದರು. ಕೊಂಡವರು ಲಿಫ್ಟ್, ಮೊಗಸಾಲೆ, ಕಾಂಕ್ರೀಟು ಮಾತ್ರ ಸರಿಮಾಡಿ, ಅಡುಗೆಮನೆ ಬಚ್ಚಲು ಯಾವುದೂ ಇಲ್ಲದ ಬರಿ ಗೂಡನ್ನು ಅಗ್ಗಕ್ಕೆ ಮಾರಿದರು. ಒಳಗಿನ ಕೆಲಸ ಮನೆಯವರದ್ದೇ. ಸಾಮಾನು ಕೋಣೆಗಳನ್ನು ಮೇಲಿನ ಅಂತಸ್ತುಗಳಿಗೆ ಒಯ್ದು, ನೆಲಮಟ್ಟದಲ್ಲಿ ಜನ ವಾಸಿಸುವಂತೆ ಮಾಡಿದರು, ಕಟ್ಟಡದಡಿ ಹಾದುಹೋಗುವ ದಾರಿಗಳನ್ನು ಹಿಗ್ಗಿಸಿದರು. 2017ರಲ್ಲಿ ಅದಕ್ಕೆ ಯುರೋಪಿನ ಮೀಸ್ ವಾನ್ ಡೆರ್ ರೋಹೆ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಎತ್ತರ ಒಂದು ಅಂತಸ್ತೂ ಇಳಿದಿರಲಿಲ್ಲ.