ಕಾಡೆಮ್ಮೆಯ ಎದುರು ಎಷ್ಟು ಬೋರಿನ ರೈಫಲ್?

ಪ್ರಶ್ನೆ: ನಾನು ಧಾರವಾಡದವನು, ಪುಣೆಯ ಕೊಥ್ರೂಡಿನಲ್ಲಿ ನೆಲೆಸಿದ್ದೇನೆ. ಕೆಲಸದ ನಿಮಿತ್ತ ಆಗಾಗ ದಾರ್ ಎಸ್ ಸಲಾಮ್‌ಗೆ ಹೋಗಿಬರುತ್ತೇನೆ. ಮುಂದಿನ ವರ್ಷ ಟಾಂಜಾನಿಯಾ ಸರ್ಕಾರದ ಪರವಾನಗಿಯೊಂದಿಗೆ, ವೃತ್ತಿಪರ ಬೇಟೆಗಾರರೊಬ್ಬರ ಜೊತೆಯಲ್ಲಿ ಆಫ್ರಿಕಾದ ಕಾಡೆಮ್ಮೆಯ ಬೇಟೆಗೆ ಹೋಗುವ ಅವಕಾಶ ಒದಗಿದೆ. ಇಲ್ಲಿನ ರೈಫಲ್ ಕ್ಲಬ್ಬಿನಲ್ಲಿ .22, ಅಲ್ಲಿ ಕೆಲವು ಬಾರಿ .30-06 ಹಾರಿಸಿದ್ದು ಬಿಟ್ಟರೆ ನನಗೆ ಬೇರೆ ಅನುಭವವಿಲ್ಲ. ಕೋವಿ ಒದಗಿಸುವವರು .458 ಒಯ್ಯಿರಿ ಎನ್ನುತ್ತಾರೆ, ಸ್ನೇಹಿತರು .416 ಎನ್ನುತ್ತಾರೆ. ತಮ್ಮ ಸಲಹೆಯೇನು?

ಉತ್ತರ: ನೀವು .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ರೈಫಲನ್ನು ಆರಿಸಿಕೊಳ್ಳಿ (ಈ ಅಂಕಿಗಳು ಬೋರನ್ನು, ಅಂದರೆ ನಳಿಗೆಯ ಒಳವ್ಯಾಸವನ್ನು, ಸುಮಾರಾಗಿ ಅಂಗುಲದಲ್ಲಿ ಹೇಳುತ್ತವೆ). ನಿಮ್ಮ ಅನುಭವದ ಬಗ್ಗೆ ನೀವೇ ಪ್ರಾಮಾಣಿಕವಾಗಿ ಬರೆದಿರುವ ಮಾತೇ ಈ ಸಲಹೆಗೆ ಮುಖ್ಯ ಕಾರಣ.

1912ರಲ್ಲಿ ಬಂದ ಈ ತೋಟಾ 300 ಗ್ರೇನ್, ಅಂದರೆ ಸುಮಾರು 19.4 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,500 ಅಡಿ ವೇಗದಲ್ಲಿ ಹೊರದೂಡುತ್ತದೆ. ಅದಕ್ಕಿಂತ ಒಂದು ವರ್ಷ ಹಿರಿಯದಾದ .416 ರಿಗ್ಬಿ 400 ಗ್ರೇನ್ ಗುಂಡನ್ನು ಸುಮಾರು 2,400 ಅಡಿ ವೇಗದಲ್ಲಿಯೂ, 1956ರ .458 ವಿಂಚೆಸ್ಟರ್ ಮ್ಯಾಗ್ನಮ್ 500 ಗ್ರೇನ್ ಗುಂಡನ್ನು ಸುಮಾರು 2,050 ಅಡಿ ವೇಗದಲ್ಲಿಯೂ ಕಳಿಸುತ್ತವೆ. ಲೆಕ್ಕ ಹಾಕಿದರೆ ಇವೆರಡರ ಬಲವೇ ಹೆಚ್ಚು, ಅದರಲ್ಲಿ ಸಂದೇಹವಿಲ್ಲ. ಆದರೆ ಮುಂದಕ್ಕೆ ಹೋಗುವ ಬಲಕ್ಕೆ ತಕ್ಕ ಒದೆ ಹಿಂದಕ್ಕೂ ಬರುತ್ತದೆ. ಒಂದೇ ತೂಕದ ಕೋವಿಗಳನ್ನು ಹೋಲಿಸಿದರೆ .375ರ ಒದೆ ನಿಮಗೆ ಪರಿಚಯವಿರುವ .30-06ರ ಸುಮಾರು ಎರಡು ಪಟ್ಟು, .416 ರಿಗ್ಬಿಯದು ಮೂರು ಪಟ್ಟಿನ ಹತ್ತಿರ.

ಒದೆಯಿಂದ ಹೆಗಲು ನೋಯುವುದು ದೊಡ್ಡ ಸಂಗತಿಯಲ್ಲ. ನೋವು ಎರಡು ದಿನದಲ್ಲಿ ಹೋಗುತ್ತದೆ. ಅದರ ಭಯ ಮಾತ್ರ ಉಳಿದು, ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮುನ್ನವೇ ಕಣ್ಣು ಮುಚ್ಚುವ, ಹೆಗಲನ್ನು ಬಿಗಿಹಿಡಿದು ನಳಿಗೆಯನ್ನು ಕೆಳಕ್ಕೆ ಒತ್ತುವ ಅಭ್ಯಾಸವಾಗಿಬಿಡುತ್ತದೆ. ಕೋವಿ ದುರಸ್ತಿಯ ವೃತ್ತಿಯಲ್ಲಿ ಕಳೆದ ವರ್ಷಗಳಲ್ಲಿ, ‘ರೈಫಲಿನ ಗುರಿ ತಪ್ಪಿದೆ, ಸರಿಪಡಿಸಿಕೊಡಿ’ ಎಂದು ನನ್ನ ಬಳಿ ತಂದವರಲ್ಲಿ ಹಲವರ ರೈಫಲಿಗೆ ಏನೂ ಆಗಿರಲಿಲ್ಲ. ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಬೇಕೆಂದರೆ, ನಿಮಗೆ ತಿಳಿಯದಂತೆ ಬೇರೊಬ್ಬರು ತೋಟಾಗಳ ನಡುವೆ ಮದ್ದಿಲ್ಲದ ಒಂದೆರಡು ಹುಸಿ ತೋಟಾಗಳನ್ನು ಸೇರಿಸಿಕೊಡಲಿ. ಹುಸಿ ತೋಟಾದ ಸರದಿ ಬಂದಾಗ ನಳಿಗೆಯ ತುದಿ ಅಲುಗಿದರೆ ಆ ಬೋರು ನಿಮಗಿನ್ನೂ ಒಗ್ಗಿಲ್ಲ.

ಈ ಪ್ರಾಣಿಯ ವಿಷಯದಲ್ಲಿ ಗುರಿಯೇ ಎಲ್ಲಕ್ಕಿಂತ ಮುಖ್ಯ. ಅದು ನಮ್ಮ ಜೋಯಿಡಾ, ದಾಂಡೇಲಿ ಕಡೆಯ ಕಾಟಿಯಲ್ಲ, ಬೇರೆಯೇ ಜಾತಿ. ಬೆಳೆದ ಗಂಡು 700-800 ಕಿಲೋ ತೂಗುತ್ತದೆ. ಹೃದಯ ಎದೆಗೂಡಿನಲ್ಲಿ ಬಹಳ ಕೆಳಗೆ, ಮುಂಗಾಲುಗಳ ನಡುವೆ ಇರುತ್ತದೆ. ಪ್ರಾಣಿ ಅಡ್ಡಲಾಗಿ ನಿಂತಿರುವಾಗ ಮುಂಗಾಲಿನ ನೇರಕ್ಕೆ, ಮೈಯ ಎತ್ತರದಲ್ಲಿ ಕೆಳಗಿನಿಂದ ಮೂರನೆಯ ಒಂದು ಭಾಗದ ಮಟ್ಟದಲ್ಲಿ ಗುಂಡು ಹೊಕ್ಕರೆ ಹೃದಯದ ಮೇಲ್ಭಾಗವೋ ಶ್ವಾಸಕೋಶವೋ ಸಿಗುತ್ತದೆ. ಅಲ್ಲಿಗೆ ತಲುಪಿದ .375 ಗುಂಡು ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡುತ್ತದೆ. ಹೊಟ್ಟೆಗೆ ಬಿದ್ದ .458 ಗುಂಡು ಪ್ರಾಣಿಯನ್ನು ಪೊದೆಗೆ ಅಟ್ಟುತ್ತದೆ, ಆಮೇಲೆ ಆ ಗಾಯಗೊಂಡ ಪ್ರಾಣಿಯನ್ನು ಹುಡುಕುತ್ತ ಪೊದೆಯೊಳಕ್ಕೆ ಹೋಗಬೇಕಾದವರು ನಿಮ್ಮ ಜೊತೆಗಿರುವ ಬೇಟೆಗಾರರು ಮತ್ತು ಜಾಡು ಹಿಡಿಯುವವರು. ಅವರ ಪ್ರಾಣವೂ ನಿಮ್ಮ ಮೊದಲ ಈಡಿನ ಮೇಲೆಯೇ ನಿಂತಿದೆ ಎಂಬುದನ್ನು ದಯವಿಟ್ಟು ಮರೆಯಬೇಡಿ.

ಬೋರಿನಷ್ಟೇ ಗಮನವನ್ನು ಗುಂಡಿನ ರಚನೆಗೂ ಕೊಡಿ. ಚರ್ಮ, ಸ್ನಾಯು, ಗಟ್ಟಿಯಾದ ಪಕ್ಕೆಲುಬುಗಳನ್ನು ದಾಟಿ ಒಳಗೆ ಹೋಗಬೇಕಾದ್ದರಿಂದ, ಜಿಂಕೆಗೆ ಬಳಸುವಂಥ, ಬೇಗ ಒಡೆಯುವ ಗುಂಡು ಬೇಡವೇ ಬೇಡ. ಅರಳಿದರೂ ಚೂರಾಗದೆ ತೂಕ ಉಳಿಸಿಕೊಳ್ಳುವ ಗಟ್ಟಿ ಗುಂಡು ಮೊದಲ ಈಡಿಗಿರಲಿ. ಅರಳದೆ ಆಳಕ್ಕೆ ಹೋಗುವ ‘ಸಾಲಿಡ್’ ಗುಂಡುಗಳು ಓಡುತ್ತಿರುವ ಪ್ರಾಣಿಯ ಮೇಲಿನ ಮುಂದಿನ ಈಡುಗಳಿಗೆ. ಮೊದಲಿಗೇ ಸಾಲಿಡ್ ಹಾರಿಸಿದರೆ ಅದು ಒಂದನ್ನು ತೂರಿಹೋಗಿ ಹಿಂಡಿನಲ್ಲಿ ಹಿಂದೆ ನಿಂತ ಇನ್ನೊಂದನ್ನೂ ಗಾಯಗೊಳಿಸಬಹುದು.

ಇನ್ನು .416. ಇದು ನಿಜಕ್ಕೂ ಅತ್ಯುತ್ತಮ ತೋಟಾ. ಉಷ್ಣ ದೇಶಗಳ ಬಿಸಿಲಿನಲ್ಲಿ ಕಾರ್ಡೈಟ್ ಎಂಬ ಅಂದಿನ ಮದ್ದಿನ ಒತ್ತಡ ಏರಿ, ಬಳಸಿದ ತೋಟಾ ನಳಿಗೆಯ ಹಿಂದಿನ ಕೋಣೆಯಲ್ಲೇ ಅಂಟಿಕೊಳ್ಳಬಾರದೆಂದು ರಿಗ್ಬಿಯವರು ಅದರ ಕೋಶವನ್ನು, ಅಂದರೆ ಮದ್ದು ತುಂಬುವ ಲೋಹದ ಕವಚವನ್ನು, ಉದ್ದೇಶಪೂರ್ವಕವಾಗಿ ದೊಡ್ಡದಾಗಿ ಮಾಡಿದ್ದರು. .375ರಲ್ಲಿ ಕೈ ಪಳಗಿದ ಮೇಲೆ, ಆನೆಯಂಥ ಪ್ರಾಣಿಯ ಎದುರು ಜನರನ್ನು ಕಾಯುವ ಹೊಣೆ ಹೊತ್ತವರಿಗೆ ಅದು ಸೂಕ್ತ. .458 ವಿಂಚೆಸ್ಟರಿನ ಕೋಶ ಚಿಕ್ಕದು. ಮೊದಲ ದಿನಗಳಲ್ಲಿ ಅದರೊಳಗೆ ಒತ್ತಿ ತುಂಬಿದ ಮದ್ದು ಗಂಟುಕಟ್ಟಿ ವೇಗ ಕುಂದುತ್ತದೆಂಬ ದೂರುಗಳಿದ್ದವು. ಕಾಡೆಮ್ಮೆಯಿಂದಲೇ ಗಾಯಗೊಂಡಿದ್ದ ಜ್ಯಾಕ್ ಲಾಟ್ ಅವರು 1971ರಲ್ಲಿ ಕೋಶವನ್ನು ಉದ್ದಮಾಡಿ .458 ಲಾಟ್ ರೂಪಿಸಿದರು. ಅದರ ಒದೆ ಇನ್ನೂ ಹೆಚ್ಚು, ನಿಮಗೆ ಖಂಡಿತ ಬೇಡ.

ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗಳಿಗೆ .375 ಅನ್ನೇ ಕನಿಷ್ಠ ಬೋರು ಎಂದು ಕಾನೂನಿನಿಂದಲೋ ರೂಢಿಯಿಂದಲೋ ಒಪ್ಪಿದ್ದಾರೆ, ಆದ್ದರಿಂದ ಅದರ ತೋಟಾ ಸಿಗುವುದೂ ಸುಲಭ. ನಾಲ್ಕೂವರೆ ಕಿಲೋ ತೂಗುವ, ಮೌಸರ್ ಮಾದರಿಯ, ಅಂದರೆ ಬೋಲ್ಟಿನ ಮೇಲಿನ ಉಗುರಿನಂಥ ಕೊಕ್ಕೆ ತೋಟಾವನ್ನು ಮೊದಲಿನಿಂದಲೇ ಹಿಡಿದುಕೊಳ್ಳುವ ಬೋಲ್ಟ್ ರೈಫಲ್ ಕೇಳಿ ಪಡೆಯಿರಿ. ದೂರದರ್ಶಕ ಕಡಿಮೆ ಶಕ್ತಿಯದಾಗಿದ್ದು, ಕಣ್ಣಿನಿಂದ ಸಾಕಷ್ಟು ದೂರ ಕೂರುವಂಥದ್ದಾಗಿರಲಿ, ಇಲ್ಲದಿದ್ದರೆ ಹುಬ್ಬು ಒಡೆಯುತ್ತದೆ. ಅಲ್ಲಿಯವರೆಗೆ ಪುಣೆಯಲ್ಲಿ .22 ಹಿಡಿದೇ, ಮೇಜಿನ ಆಸರೆ ಬಿಟ್ಟು, ನಿಂತು ಗುರಿಯಿಡುವುದನ್ನು ವಾರಕ್ಕೆರಡು ದಿನ ಅಭ್ಯಾಸ ಮಾಡಿ. ಅಲ್ಲಿಗೆ ಹೋದ ಮೇಲೆ ಮೂರು ಕೋಲಿನ ಆಸರೆಯಲ್ಲಿ 50 ಮತ್ತು 100 ಮೀಟರಿಗೆ .375 ಹಾರಿಸಿ, ದಿನಕ್ಕೆ ಹತ್ತು ಹನ್ನೆರಡು ಈಡುಗಳನ್ನು ಮೀರಬೇಡಿ.

ಪ್ರಶ್ನೆ: ಪಣಜಿಯ ನಮ್ಮ ಮನೆಯಲ್ಲಿ ಅಜ್ಜನವರ ಕಾಲದ .470 ನೈಟ್ರೋ ಎಕ್ಸ್‌ಪ್ರೆಸ್ ಜೋಡುನಳಿಗೆ ರೈಫಲ್ ಇದೆ. .450 ಇದ್ದಾಗ .465, .470 ಎಂಬ ಈ ವಿಚಿತ್ರ ಅಳತೆಗಳೇಕೆ? ಇದನ್ನು ಈಗ ಹಾರಿಸಬಹುದೇ?

ಉತ್ತರ: ಈ ಅಳತೆಗಳಿಗೆ ನಮ್ಮ ದೇಶವೇ ಕಾರಣ. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲುಗಳು .450 ಬೋರಿನವು, ಅವು ಬಂಡಾಯಗಾರರ ಕೈಸೇರಿದರೆ ಬೇಟೆಯ ಗುಂಡುಗಳು ಅವಕ್ಕೆ ಒದಗೀತೆಂಬ ಅಂಜಿಕೆಯಿಂದ ಸರ್ಕಾರ 1907ರ ಸುಮಾರಿಗೆ ಭಾರತಕ್ಕೆ ಆ ಬೋರಿನ ಆಮದನ್ನು ತಡೆಯಿತು. ಭಾರತದ ಗಿರಾಕಿಗಳನ್ನು ಕಳೆದುಕೊಳ್ಳಲೊಲ್ಲದ ಇಂಗ್ಲೆಂಡಿನ ತಯಾರಕರು .465, .470, .475 ಎಂದು ಬೇರೆ ಬೋರುಗಳತ್ತ ಹೊರಳಿದರು.

ಹಾರಿಸುವ ವಿಷಯದಲ್ಲಿ ಅವಸರ ಬೇಡ. ಪರವಾನಗಿ ನಿಮ್ಮ ಹೆಸರಿನಲ್ಲಿಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಯ ಮಾತಂತೂ ಇಲ್ಲ. ಹಳೆಯ ತೋಟಾಗಳ ಉರಿಗೇಪಿನ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಟೋಪಿಯ, ಉಳಿಕೆ ನಳಿಗೆಯ ಒಳಮೈಯನ್ನು ತಿಂದಿರುವ ಸಂಭವ ಹೆಚ್ಚಾದ್ದರಿಂದ, ಪರವಾನಗಿಯುಳ್ಳ ಕೋವಿ ತಜ್ಞರಿಂದ ನಳಿಗೆ, ಕೀಲು, ಬೀಗಗಳನ್ನು ಅಳೆಸಿ. ಜೋಡುನಳಿಗೆಗಳನ್ನು ಒಂದು ನಿರ್ದಿಷ್ಟ ತೂಕದ, ನಿರ್ದಿಷ್ಟ ವೇಗದ ಗುಂಡಿಗೆ ಹೊಂದಿಸಿ ಬೆಸೆದಿರುತ್ತಾರೆ. ಆ ಅಳತೆ ಬದಲಾದರೆ ಎಡ ಮತ್ತು ಬಲ ನಳಿಗೆಗಳ ಗುಂಡುಗಳು ಬೇರೆ ಬೇರೆ ಕಡೆ ಬೀಳುತ್ತವೆ. ಆ ವಿವರ ನಳಿಗೆಯ ಕೆಳಗಿನ ಮುದ್ರೆಗಳಲ್ಲಿ ಸಿಗಬಹುದು, ಹಿಡಿಯ ಮರವನ್ನು ಬಿಚ್ಚುವಾಗ ತಜ್ಞರಿಂದ ಓದಿಸಿ ಬರೆದಿಟ್ಟುಕೊಳ್ಳಿ.