ಹೋಲ್‌ಸ್ಟರ್ ಆಮೇಲೆ, ಮೊದ್ಲು ವೀಸಾ ನೋಡ್ಕೋ

"ಅಣ್ಣಾ, ಡಲ್ಲಾಸ್‌ಗೆ ಬಂದು ಮೂರು ತಿಂಗ್ಳಾಯ್ತು, ಇಲ್ಲಿ ಸುಮಾರು ಜನ ಸೊಂಟದಲ್ಲಿ ಪಿಸ್ತೂಲ್ ಇಟ್ಕೊಂಡೇ ಓಡಾಡ್ತಾರೆ, ನಾನೂ ತಗೋಬೇಕು, ಅದನ್ನ ಸೊಂಟಕ್ಕೆ ಸಿಕ್ಕಿಸ್ಕೊಳ್ಳೋ ಕವಚ, ಹೋಲ್‌ಸ್ಟರ್, ಯಾವ್ದು ಒಳ್ಳೇದು" ಅಂತ ಕೇಳಿದೀಯ. ನಾನೀಗ ರಜಕ್ಕೆ ಬಂದು ಹನುಮಂತನಗರದಲ್ಲಿ ಅಮ್ಮನ ಮನೆ ಜಗಲಿ ಮೇಲೆ ಕೂತಿದೀನಿ, ಪುರುಸೊತ್ತಿದೆ, ಹೇಳ್ತೀನಿ ಕೇಳು.

ತಮ್ಮಾ, ನೀನಿರೋದು ಎಚ್-1ಬಿ ಅನ್ನೋ ಕೆಲ್ಸದ ವೀಸಾ ಮೇಲೆ. 2021ರ ಸೆಪ್ಟೆಂಬರಿಂದ ಟೆಕ್ಸಾಸಲ್ಲಿ 21 ತುಂಬಿದೋರು ಲೈಸೆನ್ಸ್ ಇಲ್ದೇನೂ ಪಿಸ್ತೂಲ್ ಇಟ್ಕೊಂಡು ಓಡಾಡ್ಬೋದು ನಿಜ, ಆದ್ರೆ ಅದು ರಾಜ್ಯದ್ದು, ಫೆಡರಲ್ ಕಾನೂನಲ್ಲಿ ನಿನ್ ಥರ ವೀಸಾದಲ್ಲಿರೋರು ಗನ್ ಬಿಡು, ಒಂದು ಗುಂಡು ಇಟ್ಕೊಂಡ್ರೂ ಅಪರಾಧ. ಬೇಟೆ ಲೈಸೆನ್ಸ್ ಅಂತ ಏನೋ ವಿನಾಯಿತಿ ಇದೆ, ಯಾರೋ ಫ್ರೆಂಡ್ ಹೇಳ್ದ ಅಂತ ಅದನ್ನ ನಂಬ್ಕೊಂಡು ಅಂಗಡಿಗೆ ಹೋಗ್ಬೇಡ, ವಕೀಲರನ್ನ ಕೇಳು. ನಾನು ತಗೊಂಡಿದ್ದೇ ಗ್ರೀನ್ ಕಾರ್ಡ್ ಬಂದ್ಮೇಲೆ.

ಇನ್ನು ಹೋಲ್‌ಸ್ಟರ್, ಮುಂದೆ ನಿಂಗೂ ಗ್ರೀನ್ ಕಾರ್ಡ್ ಬಂದ್ಮೇಲೆ ಬೇಕಾದ್ರೆ ಅಂತ ಹೇಳ್ತೀನಿ. ನಾನು ಮೊದ್ಲು ಜುಗ್ಗತನ ಮಾಡಿ ಎಲ್ಲಾ ಪಿಸ್ತೂಲಿಗೂ ಆಗತ್ತೆ ಅನ್ನೋ ಬಟ್ಟೇದು ತಗೊಂಡಿದ್ದೆ. ಒಂದಿನ ಮನೇಲಿ ಖಾಲಿ ಗನ್ ಇಟ್ಕೊಂಡು ಪ್ರಾಕ್ಟೀಸ್ ಮಾಡ್ತಾ ಒಳಗೆ ತಳ್ತಿದೀನಿ, ಜಾಕೆಟ್ಟಿನ ದಾರದ ತುದೀಲಿರೋ ಪ್ಲಾಸ್ಟಿಕ್ ಗುಂಡಿ ಹೋಗಿ ಟ್ರಿಗರ್‌ಗೆ ಸಿಕ್ಕಾಕೊಂಡು ಟಕ್ ಅಂತು. ಅಷ್ಟೇ ಸೌಂಡು. ಗುಂಡಿದ್ದಿದ್ರೆ ತೊಡೇಲಿರ್ತಿತ್ತು, ಅವತ್ತು ರಾತ್ರಿ ಊಟ ಸೇರ್ಲಿಲ್ಲ ಗುರು. ಅದಕ್ಕೇ ಹೇಳೋದು, ನಿನ್ ಮಾಡೆಲ್ಲಿಗೇ ಅಂತ ಮಾಡಿರೋ ಕೈಡೆಕ್ಸ್, ಅಂದ್ರೆ ಗಟ್ಟಿ ಪ್ಲಾಸ್ಟಿಕ್ಕಿಂದು, ತಗೋ, ಟ್ರಿಗರ್ ಪೂರ್ತಿ ಮುಚ್ಚಿರ್ಬೇಕು, ಗನ್ ತೆಗೆದ್ಮೇಲೂ ಹೋಲ್‌ಸ್ಟರ್ ಬಾಯಿ ಮುಚ್ಕೋಬಾರ್ದು. ಚರ್ಮದ್ದೂ ಚೆನ್ನಾಗಿರತ್ತೆ, ಹಳೇದಾಗಿ ಮೆತ್ತಗಾದ್ರೆ ಮಡಚ್ಕೊಂಡು ಟ್ರಿಗರ್ ಒತ್ಬಿಡತ್ತೆ, ಆಗ ಬಿಸಾಕ್ಬೇಕು. ಬೆಲ್ಟೂ ಗಟ್ಟಿದಿರ್ಲಿ, ಆಫೀಸ್ ಬೆಲ್ಟು ಜೋತಾಡತ್ತೆ.

ಪ್ರಾಕ್ಟೀಸ್ ಮಾಡೋವಾಗ ಗುಂಡುಗಳು ಆ ರೂಮಲ್ಲೇ ಇರ್ಬಾರ್ದು, ಚೇಂಬರ್, ಅಂದ್ರೆ ಗುಂಡು ಕೂರೋ ಜಾಗ, ಎರಡು ಸಲ ನೋಡು, ಬೆರಳು ಹಾಕೂ ನೋಡು, ಆಮೇಲೂ ಲೋಡ್ ಆಗಿದೆ ಅಂತ್ಲೇ ನಡ್ಕೋ. ಗುರಿ ಮೇಲೆ ಕಣ್ಣು ಕೂರೋತನಕ ಬೆರಳು ಟ್ರಿಗರ್ ಹತ್ರ ಹೋಗ್ಬಾರ್ದು. ತೆಗೆಯೋದು ಬೇಕಾದ್ರೆ ಬೇಗ ಕಲಿ, ವಾಪಸ್ ಇಡೋಕೆ ಯಾವ ಅವಸರಾನೂ ಇಲ್ಲ, ಶರ್ಟ್ ಎತ್ತಿ ಹಿಡಿದು ಬಗ್ಗಿ ನೋಡ್ಕೊಂಡು ನಿಧಾನಕ್ಕೆ ಇಡು, ಏನೋ ತಡೀತು ಅನ್ಸಿದ್ರೆ ಒತ್ಬೇಡ, ಆಚೆ ತೆಗಿ.

ಬಾರ್‌ಗಳಲ್ಲಿ ಕೆಂಪಲ್ಲಿ 51% ಅಂತ ಬೋರ್ಡ್ ಇದ್ರೆ (ಅರ್ಧಕ್ಕಿಂತ ಜಾಸ್ತಿ ಆದಾಯ ಅಲ್ಲಿ ಕುಡಿಯೋ ಮದ್ಯದಿಂದ್ಲೇ ಅಂತ ಅರ್ಥ) ಗನ್ ಒಳಗೆ ತಗೊಂಡ್ ಹೋಗಂಗಿಲ್ಲ, ಪೋಸ್ಟ್ ಆಫೀಸಲ್ಲೂ ಅಷ್ಟೆ.

ಇನ್ನೊಂದು, ಊರಿಗೆ ಬರೋರೆಲ್ಲ ಮರೀತಾರೆ. ಗುಂಡು ಹಾರಿಸೋ ಪ್ರಾಕ್ಟೀಸ್ ಜಾಗಕ್ಕೆ, ಅಂದ್ರೆ ರೇಂಜಿಗೆ, ಒಯ್ದ ಬ್ಯಾಗನ್ನೇ ವಿಮಾನಕ್ಕೂ ತರ್ಬೇಡ. ಮೂಲೇಲಿ ಒಂದೇ ಒಂದು ಗುಂಡು ಉಳಿದಿದ್ರೂ ಇಲ್ಲಿ ಏರ್‌ಪೋರ್ಟಲ್ಲಿ ಆರ್ಮ್ಸ್ ಆಕ್ಟ್ ಕೇಸು, ರಜ ಎಲ್ಲಾ ಸ್ಟೇಷನ್ನು ಕೋರ್ಟು ಅಂತ ಮುಗಿಯತ್ತೆ. ನಂದು ಎರಡೂ ಬೇರೆ ಬೇರೆ ಬ್ಯಾಗು, ಆದ್ರೂ ಈ ಸಲ ಹೊರಡೋ ಹಿಂದಿನ ದಿನ ನನ್ ಹೆಂಡ್ತಿ ಬ್ಯಾಗನ್ನ ಮಗುಚಿ ಹಾಕಿ ಕೊಡವಿದ್ಲು, ಬಿದ್ದಿದ್ದು ಎರಡು ಏಲಕ್ಕಿ, ಹೋದ್ಸಲದ ಬಿಎಂಟಿಸಿ ಟಿಕೆಟ್ಟು.